ಗುಡ್ಡ ಹತ್ತುವವರ ಪರವಾಗಿ

ಪತ್ರ: "ಇಂಫಾಲ, ಕೊಹಿಮಾದ ಹಳೆಯ ರಣಭೂಮಿಗಳನ್ನು ಹುಡುಕಿಕೊಂಡು ತಿರುಗುವ ಹವ್ಯಾಸಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಆರು ಪುಟ ಕೊಟ್ಟಿದ್ದೀರಿ. ಅದು ಬ್ರಿಟಿಷರಿಗೂ ಜಪಾನೀಯರಿಗೂ ನಡೆದ ಜಗಳ. ನಮ್ಮವರು ಸಂಬಳಕ್ಕೆ ಹೋದವರು. ತುಕ್ಕು ಹಿಡಿದ ಟೊಪ್ಪಿಗೆ ಹೆಕ್ಕುವುದು ಇತಿಹಾಸವೇ? ಇತಿಹಾಸವನ್ನು ಇತಿಹಾಸಕಾರರಿಗೆ ಬಿಡಿ. ನಮ್ಮೂರ ಕೆರೆ ಏರಿಯ ಮೇಲೂ ಒಂದು ವೀರಗಲ್ಲು ಬಿದ್ದಿದೆ, ಅದಕ್ಕೂ ಆರು ಪುಟ ಕೊಡುತ್ತೀರಾ?"
(ನಿವೃತ್ತ ಅಧ್ಯಾಪಕರೊಬ್ಬರು, ಶಿವಮೊಗ್ಗ ಜಿಲ್ಲೆ)

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲನೆಯ ಸಲ ಸಿಟ್ಟು ಬಂತು. ಮೂರನೆಯ ಸಲ ಓದುವಾಗ ಆ ಕೊನೆಯ ಸಾಲಿನ ವೀರಗಲ್ಲಿನ ಮೇಲೆ ಕಣ್ಣು ನೆಟ್ಟಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಆಕ್ಷೇಪದಲ್ಲಿ ಒಂದಷ್ಟು ಹುರುಳಿದೆ. ಯುದ್ಧದ ವಸ್ತುಗಳನ್ನು ಅಗೆದು ಮಾರುವವರಿದ್ದಾರೆ. ಸಿಡಿಯದ ಗುಂಡನ್ನು ಮುಟ್ಟಿ ಜೀವ ಕಳೆದುಕೊಳ್ಳುವ ಅಪಾಯವೂ ಇದೆ. ಬಂದೂಕಿನ ಮೋಹವನ್ನೇ ಇತಿಹಾಸಪ್ರೇಮ ಅಂದುಕೊಂಡವರನ್ನು ನಾನೂ ಕಂಡಿದ್ದೇನೆ. ಒಪ್ಪಿದೆ. ಆದರೆ ನಾವು ಬರೆದದ್ದು ಅವರ ಬಗ್ಗೆ ಅಲ್ಲ.

"ನಮ್ಮ ಜಗಳವಲ್ಲ" ಅಂದಿರಲ್ಲ, ಆ ಮಾತನ್ನು ಮಣಿಪುರದ ಯಾವುದಾದರೂ ಹಳ್ಳಿಯಲ್ಲಿ ಹೇಳಿ ನೋಡಿ. ಅಲ್ಲಿಯವರು ಅದನ್ನು ಎರಡನೆಯ ಮಹಾಯುದ್ಧ ಅನ್ನುವುದಿಲ್ಲ, 'ಜಪಾನ್ ಲಾನ್' ಅನ್ನುತ್ತಾರೆ, ಅಂದರೆ ಜಪಾನ್ ಯುದ್ಧ. 1942ರ ಮೇ 10ರಂದು ಇಂಫಾಲದ ಮೇಲೆ ಬಾಂಬು ಬಿದ್ದಾಗ ಸತ್ತವರು ಸಂಬಳದವರಲ್ಲ, ಊರಿನವರು. 1944ರಲ್ಲಂತೂ ಒಂದೇ ಗುಡ್ಡಸಾಲಿನಲ್ಲಿ ಭಾರತೀಯರು ಎರಡೂ ಕಡೆ ಇದ್ದರು. ಈ ಕಡೆ ಬ್ರಿಟಿಷ್ ಇಂಡಿಯಾದ ಸೇನೆ, ಆ ಕಡೆ ಜಪಾನೀಯರ ಜೊತೆ ನೇತಾಜಿಯ ಆಜಾದ್ ಹಿಂದ್ ಫೌಜ್. ಏಪ್ರಿಲ್ 14ರಂದು ಇಂಫಾಲದ ದಕ್ಷಿಣಕ್ಕಿರುವ ಮೊಯಿರಾಂಗ್‌ನಲ್ಲಿ ಫೌಜಿನ ಬಾವುಟ ಏರಿತು. ಅದರ ಹಿಂದಿನ ದಿನವೇ, ಅಲ್ಲಿಂದ ಉತ್ತರಕ್ಕೆ, ಜಪಾನೀಯರು ಹಿಡಿದಿದ್ದ ನುಂಗ್‌ಶಿಗುಮ್ ಗುಡ್ಡದ ಮೇಲೆ ಬ್ರಿಟಿಷ್ ಇಂಡಿಯಾ ಸೇನೆಯ ಡೋಗ್ರಾ ರೆಜಿಮೆಂಟಿನ ಕಾಲಾಳುಗಳು ಟ್ಯಾಂಕುಗಳ ಜೊತೆ ಹತ್ತಿಹೋಗಿದ್ದರು. ಕಡಿದಾದ ಏರಿನಲ್ಲಿ ದಾರಿ ಕಾಣಲೆಂದು ತಲೆ ಹೊರಗಿಟ್ಟ ಟ್ಯಾಂಕ್ ಅಧಿಕಾರಿಗಳು ಒಬ್ಬೊಬ್ಬರಾಗಿ ಸತ್ತರು ಇಲ್ಲವೇ ಗಾಯಗೊಂಡರು. ಕಾಲಾಳುಗಳ ಅಧಿಕಾರಿಗಳ ಗತಿಯೂ ಅದೇ. ಗುಡ್ಡ ಕೈವಶವಾಗುವ ಹೊತ್ತಿಗೆ ಮುಂದಾಳತ್ವ ಉಳಿದದ್ದು ಟ್ಯಾಂಕಿನವರಲ್ಲಿ ಒಬ್ಬ ಸಾರ್ಜೆಂಟ್ ಮೇಜರ್‌ಗೆ, ಡೋಗ್ರಾಗಳಲ್ಲಿ ಸುಬೇದಾರ್ ರಣಬೀರ್ ಸಿಂಗ್‌ಗೆ. ಶಾಲೆಯಲ್ಲಿ ನಿಮ್ಮ ವಿದ್ಯಾರ್ಥಿಗಳಿಗೆ ಈ ಹೆಸರನ್ನು ಎಂದಾದರೂ ಹೇಳಿದ್ದಿರಾ? ನನಗೂ ಯಾರೂ ಹೇಳಿರಲಿಲ್ಲ.

ಇನ್ನು ಟೊಪ್ಪಿಗೆ ಹೆಕ್ಕುವ ವಿಚಾರ. ಕೆಲವು ವರ್ಷಗಳ ಹಿಂದೆ ಇಂಫಾಲದ ಹತ್ತಿರ ಒಬ್ಬ ಹುಡುಗನ ಜೊತೆ ಅರ್ಧ ದಿನ ಗುಡ್ಡ ಹತ್ತಿದ್ದೆ. ಹೊಟ್ಟೆಪಾಡಿಗೆ ಅವನದು ಬೇರೆ ಕೆಲಸ, ಭಾನುವಾರ ಮಾತ್ರ ಈ ಗುಡ್ಡಗಳು. ಕೈಚೀಲದಲ್ಲಿ ಲಂಡನ್ನಿನ ರಾಷ್ಟ್ರೀಯ ದಾಖಲಾಗಾರದಿಂದ ತರಿಸಿಕೊಂಡ ಒಂದು ಪಡೆಯ ಯುದ್ಧ ದಿನಚರಿಯ ನಕಲು, ಹಳೆಯ ಸೈನಿಕ ನಕ್ಷೆ, ಒಂದು ಅಳತೆಪಟ್ಟಿ. ದಿನಚರಿಯಲ್ಲಿ "ದಿಬ್ಬದ ಪೂರ್ವದ ಮೂಗಿನಿಂದ ಗುಂಡು ಬಂತು" ಎಂದಿತ್ತು. ಅವನಿಗೆ ಆ ಮೂಗು ಯಾವುದೆಂದು ತಿಳಿಯಬೇಕಿತ್ತು. ಪೊದೆ ಸರಿಸಿ ಮೊಣಕಾಲುದ್ದದ ಒಂದು ಕುಳಿ ತೋರಿಸಿದ. ನನಗೆ ಅದು ಮಳೆನೀರು ಕೊರೆದ ಗುಂಡಿಯಂತೆ ಕಂಡಿತು. "ಇಳಿದು ಕೂತ್ಕೊಳ್ಳಿ ಸರ್" ಅಂದ. ಕೂತೆ. ಕೂತ ಮೇಲೆ ಗೊತ್ತಾಯಿತು, ಎದುರಿಗೆ ಕೆಳಗಿನ ರಸ್ತೆಯ ಒಂದೇ ಒಂದು ತಿರುವು ಮಾತ್ರ ಕಾಣುತ್ತದೆ, ಚೌಕಟ್ಟು ಹಾಕಿಟ್ಟ ಹಾಗೆ. ಯಾರೋ ಒಬ್ಬ ಆ ತಿರುವನ್ನೇ ನೋಡುತ್ತ ಅಲ್ಲಿ ಕೂತಿದ್ದ. ಕುಳಿಯ ಅಂಚಿನಲ್ಲಿ ಸಿಕ್ಕಿದ ನಜ್ಜುಗುಜ್ಜಾದ ನೀರಿನ ಬಾಟಲಿಯನ್ನು ಹುಡುಗ ಎತ್ತಿಕೊಳ್ಳಲಿಲ್ಲ. ಅದು ಬಿದ್ದ ದಿಕ್ಕು, ಆಳ, ದೂರ ಎಲ್ಲವನ್ನೂ ಬರೆದುಕೊಂಡ, ಫೋಟೊ ತೆಗೆದ, ಆಮೇಲೆ ಮುಟ್ಟಿದ. ಇದು ಹೆಕ್ಕುವುದಲ್ಲ ಮೇಷ್ಟ್ರೇ, ಓದುವುದು. ಕಾಗದವನ್ನೂ ನೆಲವನ್ನೂ ಎದುರುಬದುರು ಇಟ್ಟುಕೊಂಡು ಓದುವುದು. ಕುರ್ಚಿಯಲ್ಲಿ ಕೂತ ಎಷ್ಟು ಜನ ಇತಿಹಾಸಕಾರರು ಹೀಗೆ ಓದುತ್ತಾರೆ?

ಇಳಿದು ಬರುವಾಗ ಊರಿನ ಒಬ್ಬ ಅಜ್ಜಿಯ ಮನೆಗೆ ಕರೆದುಕೊಂಡು ಹೋದ. ಮನೆಯವರೆಲ್ಲ ವಿಮಾನದ ಸದ್ದಿಗೆ ಅಡಗುತ್ತಿದ್ದ ಹೊಂಡದ ಮೇಲೆ ಈಗ ಆಕೆಯ ತರಕಾರಿ ಪಾತಿ. ಆಕೆಯ ಮಾತನ್ನು ಹುಡುಗ ನಾಲ್ಕನೆಯ ಸಲ ರೆಕಾರ್ಡ್ ಮಾಡುತ್ತಿದ್ದ. ಪ್ರತಿ ಸಲವೂ ಒಂದು ಹೊಸ ಹೆಸರು ಬರುತ್ತದಂತೆ.

ಹೆಸರು ಅಂದೆನಲ್ಲ, ನನ್ನ ಹಟವೆಲ್ಲ ಅಲ್ಲೇ. ಕೊಹಿಮಾದಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಈ ತುದಿಗೊಂದು ಆ ತುದಿಗೊಂದು ಸೈನ್ಯ ಕೂತು ಕಾದಾಡಿದ್ದು ನಿಮಗೆ ಗೊತ್ತಿರುತ್ತದೆ. ಇವತ್ತು ಅದು ಸ್ಮಶಾನ. ಅಂಗಳದ ಗೆರೆಗಳನ್ನು ಕಾಂಕ್ರೀಟಿನಲ್ಲಿ ಉಳಿಸಿದ್ದಾರೆ. ಅಲ್ಲಿ ಸಮಾಧಿಗಳ ಸಾಲು ನೋಡಿ ಮರಳುವವರು ಮೇಲಿನ ದಹನ ಸ್ಮಾರಕದವರೆಗೆ ಹತ್ತಬೇಕು. ಬೆಂಕಿಗೆ ಕೊಟ್ಟ 917 ಹಿಂದೂ, ಸಿಖ್ ಸೈನಿಕರ ಹೆಸರು ಅಲ್ಲಿವೆ. ಇವರಾದರೂ ಪುಣ್ಯವಂತರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರಲ್ಲಿ ಒಪ್ಪಿಕೊಂಡ ಸಂಗತಿ ಕೇಳಿ: ಮೊದಲ ಮಹಾಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಜನರನ್ನು ಹೆಸರು ಹಿಡಿದು ಸ್ಮರಿಸಿಯೇ ಇಲ್ಲ, ಕೆಲವರನ್ನು ಒಟ್ಟಾರೆ ಸ್ಮರಿಸಿದ್ದೂ ಅನುಮಾನ. ಹೆಚ್ಚಿನವರು ಪೂರ್ವ ಆಫ್ರಿಕದವರು, ಈಜಿಪ್ಟಿನವರು. ಹೆಸರು ಬರೆದಿಡಬೇಕಾದ ಆಯೋಗದ ಕೆಲಸವೇ ಹೀಗಿರುವಾಗ, ಭಾನುವಾರ ಗುಡ್ಡ ಹತ್ತುವ ಹುಡುಗನನ್ನು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮದೇ ಕಥೆ ನೋಡಿ. 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ತುರ್ಕರಿಂದ ಗೆದ್ದವರಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಜೋಧಪುರದ ಸವಾರರು ಕೆಳಗಿನಿಂದ ಊರಿಗೆ ನುಗ್ಗಿದರೆ, ನಮ್ಮವರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸಲು ಕುದುರೆ ಹತ್ತಿಸಿದರು. ದಿಲ್ಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕವಿದೆ. ಬಸ್ಸಿನ ಕಿಟಕಿಯಿಂದ ದಿನಾ ನೋಡುವವರಿಗೆ ಅದು ಯಾರದ್ದೆಂದು ಕೇಳಿ ನೋಡಿ. ಹೈಫಾದಲ್ಲಿ ಮಾತ್ರ ಸ್ಥಳೀಯ ಇತಿಹಾಸದ ಒಂದು ಹವ್ಯಾಸಿ ಸಂಘ ಆ ಸವಾರರ ದಾರಿಯನ್ನು ಬಿಡದೆ ಹುಡುಕಿ, ಅಲ್ಲಿನ ಮಕ್ಕಳಿಗೆ ಪಾಠವಾಗುವ ಹಾಗೆ ಮಾಡಿತು. ಮೈಸೂರಿನ ಕುದುರೆ ಸವಾರನ ನೆನಪು ಮೆಡಿಟರೇನಿಯನ್ ದಡದಲ್ಲಿ ಸುರಕ್ಷಿತ. ನಮ್ಮಲ್ಲಿ?

ನಮ್ಮಲ್ಲಿ ಏನಾಗುತ್ತದೆಂದು ನನ್ನ ಮನೆಯದೇ ಉದಾಹರಣೆ ಕೊಡುತ್ತೇನೆ. ನಮ್ಮಜ್ಜಿಯ ಅಣ್ಣ ಮೊದಲ ಮಹಾಯುದ್ಧದಲ್ಲಿ ಇರಾಕಿನ ಬಸ್ರಾಕ್ಕೆ ಹೋಗಿದ್ದರು. ಅವರ ಕಾಗದಗಳ ಗಂಟೊಂದು ಅಟ್ಟದ ಮೇಲಿತ್ತು. ಮನೆ ಮಾರಿದ ವರ್ಷ ಅದು ಹಳೆ ಪೇಪರಿನವನ ತಕ್ಕಡಿಗೆ ಹೋಯಿತು. ಆಗ ನಾನು ಕಾಲೇಜಿನಲ್ಲಿದ್ದೆ, ಮನೆಯಲ್ಲೇ ಇದ್ದೆ, ತಡೆಯಲಿಲ್ಲ. ನಲವತ್ತು ವರ್ಷ ಕಳೆದರೂ ಆ ಗಂಟಿನ ಕೆಂಪು ಬಟ್ಟೆ ಕಣ್ಣ ಮುಂದಿದೆ. ಆಮೇಲೆ ಅವರ ಹೆಸರು ಹುಡುಕಿಕೊಂಡು ಒಂದು ಸರ್ಕಾರಿ ದಾಖಲೆ ಕೋಣೆಗೆ ಹೋದರೆ, ಕಡತವೆಂದು ಕೈಗಿಟ್ಟದ್ದು ಗೆದ್ದಲು ತಿಂದು ಉಳಿಸಿದ ರಟ್ಟು. "ಇದರಿಂದ ನಿಮಗೇನು ಪ್ರಯೋಜನ?" ಎಂದು ಅಲ್ಲಿಯವರೂ ಕೇಳಿದರು. ನೀವೂ ಅದನ್ನೇ ಕೇಳಿದಾಗ ನೋವಾದದ್ದು ಅದಕ್ಕೆ.

ಈಗ ನಿಮ್ಮೂರ ಕಲ್ಲು. ಬೆಂಗಳೂರಿನ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ, 'ಬೆಂಗಳೂರ ಕಾಳಗ'ದಲ್ಲಿ ಸತ್ತವನ ನೆನಪಿನದು. ಬೆಂಗಳೂರು ಎಂಬ ಹೆಸರು ಬರಹದಲ್ಲಿ ಸಿಗುವ ಮೊದಲ ಜಾಗ ಅದು. ರಣದಲ್ಲಿ ಬಿದ್ದವನಿಗೆ ಊರಿನವರು ಕಲ್ಲು ನಿಲ್ಲಿಸುತ್ತಿದ್ದ ನಾಡು ನಮ್ಮದು. ಈಗ ಅದೇ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತೇವೆ, ಎಮ್ಮೆ ಕಟ್ಟುತ್ತೇವೆ. ನೀವು ಗೇಲಿಗೆ ಕೇಳಿದಿರಿ, ನಾನು ನಿಜವಾಗಿ ಹೇಳುತ್ತೇನೆ: ಆರು ಪುಟ ಕೊಡುತ್ತೇನೆ. ಬರೆಯುವವರು ನೀವೇ ಆಗಬೇಕು.

ಸಂಜೆ ಬಿಸಿಲು ಓರೆಯಾದಾಗ ಏರಿಗೆ ಹೋಗಿ. ಕಲ್ಲಿಗೆ ಸುಣ್ಣ, ಹಿಟ್ಟು, ಎಣ್ಣೆ ಏನೂ ಬಳಿಯಬೇಡಿ. ಬರಿ ನೀರು, ಮೆತ್ತನೆಯ ಬ್ರಷ್ಷು ಸಾಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ ಇರಬಹುದು. ಅಕ್ಷರಗಳಿದ್ದರೆ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ ಹುಡುಕಿ. ಬೆಳಕು ಪಕ್ಕದಿಂದ ಬೀಳುವ ಹಾಗೆ ನಿಂತು ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಏರಿ ಮೇಲೆ ದನ ಕಾಯುವ ಹಿರಿಯರು ಆ ಕಲ್ಲನ್ನು ಏನೆಂದು ಕರೆಯುತ್ತಾರೆ ಕೇಳಿ ಬರೆದುಕೊಳ್ಳಿ. ಅಕ್ಷರ ಓದಿ ಕೊಡುವವರನ್ನು ಹುಡುಕುವ ಜವಾಬ್ದಾರಿ ನನ್ನದು. ಮಳೆ ಹಿಡಿಯುವ ಮೊದಲು ಕಳಿಸಿ ಮೇಷ್ಟ್ರೇ, ಕಾಯುತ್ತಿರುತ್ತೇನೆ.