ತಮ್ಮನಿಗೆ ಜಿಡಿಎಸ್ (ಗ್ರಾಮೀಣ ಡಾಕ್ ಸೇವಕ) ಕೆಲಸ ಸಿಕ್ಕಿದೆ. ಹಳ್ಳಿ ಪೋಸ್ಟ್‌ಮ್ಯಾನ್‌ಗೆ ಸಂಬಳ ನಿಜವಾಗಿ ಎಷ್ಟು, ಹೇಗೆ ಲೆಕ್ಕ ಹಾಕ್ತಾರೆ?

ನಿಮ್ಮ ತಮ್ಮನ ಹೆಸರು ಎಬಿಪಿಎಂ, ಅಂದರೆ ಅಸಿಸ್ಟೆಂಟ್ ಬ್ರಾಂಚ್ ಪೋಸ್ಟ್‌ಮಾಸ್ಟರ್ ಲಿಸ್ಟಿನಲ್ಲಿ ಬಂದಿದೆ, ಒಬ್ಬರು ಸಂಬಳ ಹತ್ತು ಸಾವಿರ ಅಂತಾರೆ, ಇನ್ನೊಬ್ಬರು ಹದಿನಾರು ಸಾವಿರ ಅಂತಾರೆ, ಯಾವುದು ನಿಜ ಅಂತ ಕೇಳಿದ್ದೀರಿ. ಎರಡೂ ನಿಜ. ನಾನು ತೀರ್ಥಹಳ್ಳಿ ಕಡೆಯ ಒಂದು ಬ್ರಾಂಚ್ ಆಫೀಸಿನಲ್ಲಿ ಹತ್ತು ವರ್ಷದಿಂದ ಟಪಾಲು ಹಂಚುತ್ತಿದ್ದೇನೆ. ಅಪ್ಪ ಪಕ್ಕದ ಊರಿನಲ್ಲಿ ಇದೇ ಕೆಲಸ ಮಾಡಿದವರು, ಅವರ ಕಾಲದಲ್ಲಿ ಇದಕ್ಕೆ ‘ಇಡಿ’ (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ಅಂತಿದ್ದರು. ಹಾಗಾಗಿ ಎರಡು ತಲೆಮಾರಿನ ಲೆಕ್ಕ ನನಗೆ ಗೊತ್ತಿದೆ.

ಮೊದಲು ಒಂದು ವಿಷಯ. ನಮಗೆ ಬರುವುದಕ್ಕೆ ಕಾಗದದ ಮೇಲೆ ಸಂಬಳ ಅಂತ ಹೆಸರೇ ಇಲ್ಲ. ಅದು ಟಿಆರ್‌ಸಿಎ, ಅಂದರೆ ಟೈಮ್ ರಿಲೇಟೆಡ್ ಕಂಟಿನ್ಯುಟಿ ಅಲೋವೆನ್ಸ್. ದಿನಕ್ಕೆ ಎಷ್ಟು ಗಂಟೆ ಕೆಲಸ ಅಂತ ಇಲಾಖೆ ಲೆಕ್ಕ ಹಾಕಿದೆಯೋ ಆ ಗಂಟೆಗಳಿಗೆ ಕೊಡುವ ಭತ್ಯೆ. ಎಲ್ಲ ಗೊಂದಲ ಶುರುವಾಗುವುದು ಇಲ್ಲಿಂದಲೇ.

ನಮ್ಮ ಭತ್ಯೆ ಪರಿಶೀಲಿಸಿದ ಕಮಲೇಶ್ ಚಂದ್ರ ಸಮಿತಿ ವರದಿ ಕೊಟ್ಟ ಮೇಲೆ 2018ರ ಜುಲೈ 1ರಿಂದ ಹೊಸ ದರ ಬಂತು. ಅದಕ್ಕಿಂತ ಮೊದಲು ಮೂರು ಗಂಟೆ, ಮೂರೂವರೆ ಗಂಟೆ ಅಂತ ಹಲವು ಮೆಟ್ಟಿಲು ಇತ್ತು, ಈಗ ಎರಡೇ: ನಾಲ್ಕು ಗಂಟೆ, ಐದು ಗಂಟೆ. ಎಬಿಪಿಎಂ ಮತ್ತು ಡಾಕ್ ಸೇವಕರಿಗೆ ನಾಲ್ಕು ಗಂಟೆಗೆ 10,000, ಐದು ಗಂಟೆಗೆ 12,000 ರೂಪಾಯಿ. ಬ್ರಾಂಚ್ ಪೋಸ್ಟ್‌ಮಾಸ್ಟರ್ ಅಂದರೆ ಬಿಪಿಎಂಗೆ 12,000 ಮತ್ತು 14,500. ಇದರ ಮೇಲೆ ಕೇಂದ್ರ ಸರ್ಕಾರಿ ನೌಕರರಿಗೆ ಇರುವಷ್ಟೇ ತುಟ್ಟಿಭತ್ಯೆ (ಡಿಎ) ನಮಗೂ ಸಿಗುತ್ತದೆ. 2025ರ ಜುಲೈ ದರ 58% ಹಿಡಿದರೆ 10,000ಕ್ಕೆ 5,800 ಸೇರಿ 15,800. ನಿಮಗೆ ಹತ್ತು ಅಂದವರು ಮೂಲ ಹೇಳಿದ್ದಾರೆ, ಹದಿನಾರು ಅಂದವರು ಡಿಎ ಸೇರಿಸಿ ಹೇಳಿದ್ದಾರೆ. ಇದರಲ್ಲಿ ತಿಂಗಳಿಗೆ 300 ರೂಪಾಯಿ ಎಸ್‌ಡಿಬಿಎಸ್ (ಸರ್ವಿಸ್ ಡಿಸ್ಚಾರ್ಜ್ ಬೆನಿಫಿಟ್ ಸ್ಕೀಮ್) ಅಂತ ಹಿಡಿಯುತ್ತಾರೆ. ಅಷ್ಟೇ ದುಡ್ಡು ಇಲಾಖೆಯೂ ಹಾಕುತ್ತದೆ, ಕೆಲಸ ಬಿಡುವಾಗ ಕೈಗೆ ಬರುತ್ತದೆ. ವರ್ಷಕ್ಕೊಮ್ಮೆ ಮೂಲದ ಮೇಲೆ 3% ಏರಿಕೆ ಇದೆ. ಹತ್ತು ಸಾವಿರ ಇದ್ದದ್ದು ಮುಂದಿನ ವರ್ಷ 10,300, ಅದರ ಮುಂದಿನ ವರ್ಷ 10,610, ಹೀಗೇ ಸಾಗುತ್ತದೆ.

ಪಟ್ಟಣದ ಪೋಸ್ಟ್‌ಮ್ಯಾನ್ ಜೊತೆ ಹೋಲಿಸಿ ನೋಡಿ. ಅವರ ಮೂಲ ಸಂಬಳ ಶುರುವಾಗುವುದೇ 21,700ರಿಂದ, ಮನೆ ಬಾಡಿಗೆ ಭತ್ಯೆ ಬೇರೆ. ಹಂಚುವ ಕಾಗದ ಒಂದೇ, ಹಾಕುವ ಸಹಿ ಒಂದೇ.

ಈಗ ಗಂಟೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಉಳಿದ ಎಲ್ಲಕ್ಕಿಂತ ದೊಡ್ಡ ವಿಷಯ ಅದೇ. ನಿಯಮದ ಪ್ರಕಾರ ನಮ್ಮಿಂದ ಐದು ಗಂಟೆಗಿಂತ ಜಾಸ್ತಿ ಕೆಲಸ ತೆಗೆದುಕೊಳ್ಳುವಂತಿಲ್ಲ. ಬದುಕಲು ಬೇರೆ ಆದಾಯ ಇರಬೇಕು ಅಂತಲೂ ನಿಯಮದಲ್ಲೇ ಬರೆದಿದೆ. ಇದು ಪೂರ್ತಿ ದಿನದ ಕೆಲಸ ಅಲ್ಲ, ಮನೆಯ ತೋಟ ಗದ್ದೆ ನೋಡಿಕೊಂಡು ಮಾಡುವ ಕೆಲಸ ಅನ್ನುವ ಲೆಕ್ಕದಲ್ಲಿ ಹಿಂದಿನವರು ಮಾಡಿಟ್ಟ ವ್ಯವಸ್ಥೆ. ಕಾಗದದ ಮೇಲೆ ಸರಿ. ಆದರೆ ಆ ನಾಲ್ಕು ಗಂಟೆ ಒಂದೇ ಕಡೆ ಗಂಟು ಕಟ್ಟಿಕೊಂಡು ಬರುವುದಿಲ್ಲ. ಬೆಳಿಗ್ಗೆ ಬಸ್ಸಿಗೆ ಕಾದು ಚೀಲ ಇಳಿಸಿಕೊಳ್ಳಬೇಕು, ಬಸ್ಸು ತಡವಾದರೆ ನಾವೂ ತಡ. ಮಧ್ಯಾಹ್ನ ಮತ್ತೆ ಚೀಲ ಕಟ್ಟಿ ಕಳಿಸಬೇಕು. ನಡುವೆ ಹಂಚಿಕೆ. ನಮ್ಮ ಕಡೆ ಎಲ್ಲ ಒಂಟಿ ಮನೆಗಳು, ಒಂದಕ್ಕೂ ಇನ್ನೊಂದಕ್ಕೂ ಅರ್ಧ ಮೈಲಿ, ಮಳೆಗಾಲದಲ್ಲಿ ಕಾಲುಸಂಕ ಮುಳುಗಿದರೆ ಎರಡು ಕಿಲೋಮೀಟರ್ ಸುತ್ತು ಹಾಕಬೇಕು. ಓಡಾಟಕ್ಕೆ ಭತ್ಯೆ ಇರುವುದು ಸೈಕಲ್ಲಿನ ಲೆಕ್ಕದಲ್ಲಿ. ನಮ್ಮ ದರೆಯ ಮೇಲೆ ಸೈಕಲ್ ಹತ್ತುವುದಿಲ್ಲ, ಬೈಕಿನ ಪೆಟ್ರೋಲ್ ನನ್ನ ಕೈಯಿಂದಲೇ.

ಒಂದು ದಿನದ ಮಾತು ಹೇಳುತ್ತೇನೆ. ಅಡಿಕೆ ಸುಲಿಯುವ ಕಾಲ. ಒಬ್ಬ ಅಜ್ಜಿಗೆ ಸಂಧ್ಯಾ ಸುರಕ್ಷಾ ದುಡ್ಡು ಅಕೌಂಟಿಗೆ ಬಂದಿತ್ತು. ಹಿಂದೆ ಇದು ಮನಿಯಾರ್ಡರಿನಲ್ಲಿ ಬರುತ್ತಿತ್ತು, ಎಣಿಸಿ ಕೈಗೆ ಕೊಟ್ಟರೆ ಆಯಿತು. ಈಗ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಯಂತ್ರಕ್ಕೆ ಬೆರಳು ಒತ್ತಿ ತೆಗೆಯಬೇಕು. ಅವರ ಬೆರಳು ಅಡಿಕೆಯ ಚೊಗರಿಗೆ ಕಪ್ಪಾಗಿ, ಗೆರೆಯೇ ಸವೆದುಹೋಗಿತ್ತು. ಒಂದು ಸಲ ಇಟ್ಟರು, ಹೊಂದಲಿಲ್ಲ. ನಿಂಬೆಹುಳಿ ತಿಕ್ಕಿ ತೊಳೆದು ಬಂದರು, ಆಗಲಿಲ್ಲ. ಸೆರಗಿನಲ್ಲಿ ಒರೆಸಿ ಎಡಗೈ ಬೆರಳು ಇಟ್ಟರು, ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮೊಬೈಲ್ ಹಿಡಿದು ಅಂಗಳದ ತುದಿಗೆ ಬಂದು ನಿಂತೆವು. “ತಮ್ಮಾ, ನಿಂಗೆ ಹೊತ್ತಾಯ್ತೇನೋ, ನಾಳೆ ಬಾ” ಅಂದರು. ಮಾತ್ರೆ ಮುಗಿದು ಎರಡು ದಿನ ಆಗಿದೆ ಅಂತ ಅವರೇ ಆಗ ತಾನೇ ಹೇಳಿದ್ದರು, ಹಾಗೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಆಯಿತು ದುಡ್ಡು ಕೊಡುವಷ್ಟರಲ್ಲಿ. ವ್ಯವಹಾರ ಆದರೆ ಇನ್ಸೆಂಟಿವ್ ಅಂತ ಸಣ್ಣ ಮೊತ್ತ ಸೇರುತ್ತದೆ, ಕಾದ ಹೊತ್ತಿಗೆ ಏನೂ ಇಲ್ಲ. ನನಗೆ ಬೇಸರ ಇರುವುದು ಅಜ್ಜಿಯ ಮೇಲೆ ಅಲ್ಲ, ಹೀಗೆ ಕಳೆಯುವ ಹೊತ್ತನ್ನು ಕೆಲಸ ಅಂತ ಲೆಕ್ಕಕ್ಕೆ ಹಿಡಿಯದ ಪದ್ಧತಿಯ ಮೇಲೆ.

ಮೇಲಿನ ಆದಾಯ ಅಂದರೆ ಈ ಇನ್ಸೆಂಟಿವ್‌ಗಳು. ಗ್ರಾಮೀಣ ಅಂಚೆ ಜೀವ ವಿಮೆ ಮಾಡಿಸಿದರೆ ಸಿಗುತ್ತದೆ, ಪೇಮೆಂಟ್ಸ್ ಬ್ಯಾಂಕಿನ ಕೆಲಸಕ್ಕೆ ಸಿಗುತ್ತದೆ. ಜನರ ಪರಿಚಯ ಚೆನ್ನಾಗಿದ್ದರೆ ಒಂದೊಂದು ತಿಂಗಳು ಕೈ ಹಿಡಿಯುತ್ತದೆ. ಆದರೆ ಇದನ್ನು ನಂಬಿ ಸಾಲದ ಕಂತು ಕಟ್ಟುವ ಲೆಕ್ಕ ಹಾಕಬೇಡಿ. ಟಾರ್ಗೆಟ್ ಅಂತ ಮೇಲಿನಿಂದ ಒತ್ತಡವೂ ಇರುತ್ತದೆ.

ಬಿಪಿಎಂ ಹುದ್ದೆಗೆ ಎರಡು ಸಾವಿರ ಜಾಸ್ತಿ ಅಲ್ವಾ ಅಂತ ಕೆಲವರು ಅದನ್ನೇ ಆರಿಸಿಕೊಳ್ಳುತ್ತಾರೆ. ಅದಕ್ಕೆ ಅದೇ ಊರಿನಲ್ಲಿ ವಾಸ ಇರಬೇಕು, ಪೋಸ್ಟ್ ಆಫೀಸಿಗೆ ಜಾಗವನ್ನೂ ನಾವೇ ಒದಗಿಸಬೇಕು. ಜಾಗ, ಕರೆಂಟು, ಮೊಬೈಲು ಸೇರಿ ಕೊಡುವ ಭತ್ಯೆ ತೀರಾ ಸಣ್ಣದು. ಸ್ವಂತ ಮನೆ ರಸ್ತೆ ಬದಿಯಲ್ಲಿದ್ದರೆ ಪರವಾಗಿಲ್ಲ, ಬಾಡಿಗೆ ಹಿಡಿಯುವುದಾದರೆ ಆ ಎರಡು ಸಾವಿರ ಅಲ್ಲಿಗೇ ಸರಿ.

ಇದು ಸರ್ಕಾರಿ ಕೆಲಸನಾ ಅಂತ ಎಲ್ಲರೂ ಕೇಳುತ್ತಾರೆ. 1977ರಲ್ಲಿ ರಾಜಮ್ಮ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದು ಸಿವಿಲ್ ಹುದ್ದೆ, ವಿಚಾರಣೆ ಮಾಡದೆ ಸುಮ್ನೆ ತೆಗೆದುಹಾಕುವಂತಿಲ್ಲ ಅಂತ ಹೇಳಿದೆ. ಆದರೆ ಕಾಯಂ ನೌಕರರ ಸಾಲಿಗೆ ನಮ್ಮನ್ನು ಸೇರಿಸಿಲ್ಲ. 65 ವರ್ಷದವರೆಗೆ ಕೆಲಸ, ಆಮೇಲೆ ಪಿಂಚಣಿ ಇಲ್ಲ. ಗ್ರಾಚ್ಯುಟಿಯ ಮಿತಿ ಈಗ ಒಂದೂವರೆ ಲಕ್ಷ. ಅಪ್ಪ ನಿವೃತ್ತರಾದಾಗ ಮಿತಿ 60,000 ಇತ್ತು. ಮೂವತ್ತೆಂಟು ವರ್ಷ ನಡೆದ ಕಾಲಿಗೆ ಅಷ್ಟು. ಅವರು ಆ ದುಡ್ಡಿನಲ್ಲಿ ಮನೆಯ ಹೆಂಚು ಬದಲಾಯಿಸಿದರು, ಉಳಿದದ್ದರಲ್ಲಿ ನನ್ನ ತಂಗಿಗೆ ಒಂದು ಜೊತೆ ಓಲೆ. 2024ರಲ್ಲಿ ಸೇವೆಯ ವರ್ಷ ನೋಡಿ ದುಡ್ಡು ಸೇರಿಸುವ ಯೋಜನೆ ಬಂದಿದೆ, 12 ವರ್ಷಕ್ಕೆ 4,320, 24 ವರ್ಷಕ್ಕೆ 5,520, 36 ವರ್ಷಕ್ಕೆ 7,200 ರೂಪಾಯಿ. ಕೇಳಲು ಚೆನ್ನಾಗಿದೆ, ಆದರೆ ಇದು ತಿಂಗಳಿಗಲ್ಲ, ವರ್ಷಕ್ಕೆ. ಹನ್ನೆರಡು ವರ್ಷ ಮುಗಿಸಿದವನಿಗೆ ತಿಂಗಳಿಗೆ 360 ರೂಪಾಯಿ ಬೀಳುತ್ತದೆ.

ಹಾಗಾದರೆ ಸೇರಬೇಕಾ? ಮನೆಯಲ್ಲಿ ಸ್ವಲ್ಪವಾದರೂ ತೋಟ, ಹೈನು, ಅಂಗಡಿ ಏನಾದರೂ ಇದ್ದು, ಕೆಲಸದ ಊರು ಮನೆಗೆ ಹತ್ತಿರ ಇದ್ದರೆ ಖಂಡಿತ ಸೇರಲಿ. ಮನೆಯಿಂದ ಇನ್ನೂರು ಕಿಲೋಮೀಟರ್ ದೂರದ ಊರು ಸಿಕ್ಕಿ, ರೂಮು ಮಾಡಿ, ಊಟ ಹೊರಗೆ ಅಂದರೆ 15,800ರಲ್ಲಿ ಮನೆಗೆ ಕಳಿಸಲು ಏನೂ ಉಳಿಯುವುದಿಲ್ಲ. ಇನ್ನೊಂದು ದಾರಿಯೂ ಇದೆ. ನಮಗೆ ಅಂತಲೇ ಇಲಾಖೆಯೊಳಗೆ ಎಂಟಿಎಸ್ (ಮಲ್ಟಿ ಟಾಸ್ಕಿಂಗ್ ಸ್ಟಾಫ್), ಪೋಸ್ಟ್‌ಮ್ಯಾನ್ ಪರೀಕ್ಷೆ ನಡೆಯುತ್ತದೆ. ಪಾಸಾದರೆ ಕಾಯಂ ಕೆಲಸ. ಓದುವ ಹುಡುಗ ಆದರೆ ಸೇರಿದ ಮೊದಲ ದಿನದಿಂದಲೇ ಅದಕ್ಕೆ ಕೂರಲಿ, ಆಮೇಲೆ ನೋಡೋಣ ಅಂದುಕೊಂಡವರಲ್ಲಿ ನಾನೂ ಒಬ್ಬ.

ಆರ್ಡರ್ ಬಂದ ಮೇಲೆ ನಾಲ್ಕು ಗಂಟೆಯ ಹುದ್ದೆಯೋ ಐದು ಗಂಟೆಯದ್ದೋ ಅಂತ ಮೊದಲು ನೋಡಿಕೊಳ್ಳಿ. ಆಮೇಲೆ ಆ ಊರಿನಲ್ಲಿ ಈಗ ಟಪಾಲು ಹಂಚುತ್ತಿರುವವರ ಜೊತೆ ನಿಮ್ಮ ತಮ್ಮ ಒಂದು ದಿನ ಪೂರ್ತಿ ಸುತ್ತಿ ಬರಲಿ. ಮಳೆಗಾಲದಲ್ಲೇ ಹೋದರೆ ಇನ್ನೂ ಒಳ್ಳೆಯದು.