ಎಲ್ಲೋರದ ಚಿತ್ರವನ್ನು ಗೋಡೆಗೆ ಹಾಕಬಹುದೇ?

ಇಂಗ್ಲೆಂಡಿನ ಚಿತ್ರಕಾರ ಥಾಮಸ್ ಡೇನಿಯಲ್ ಪ್ರಕಟಿಸಿದ ಎಲ್ಲೋರದ ಗುಹೆಗಳ ಚಿತ್ರವನ್ನು ಮನೆಯಲ್ಲಿ ತೂಗುಹಾಕಿದರೆ ವಸಾಹತುಶಾಹಿ ದೃಷ್ಟಿಗೆ ತಲೆಬಾಗಿದಂತಾಗುತ್ತದೆಯೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹಾಕಿ. ಚಿತ್ರ ಬರೆದವರು ಹೊರಗಿನವರು ಎಂಬುದೊಂದೇ ಅಪರಾಧವಲ್ಲ.

ನಿಜವಾದ ಅಪಚಾರ ಹೇಗಿರುತ್ತದೆ ಎಂದು ನೋಡಬೇಕಾದರೆ ಫ್ರಾನ್ಸಿನ ಜೆರೋಮ್ ಬರೆದ ಹಾವಾಡಿಗನ ಚಿತ್ರವನ್ನು ಹಿಗ್ಗಿಸಿ ನೋಡಿ. ಇಸ್ತಾಂಬುಲ್‌ನ ಟೋಪ್‌ಕಾಪಿ ಅರಮನೆಯ ಗೋಡೆಯ ನೀಲಿ ಹೆಂಚುಗಳು, ಮೇಲೆ ಕುರಾನಿನ ಸಾಲುಗಳು. ಅವುಗಳ ಕೆಳಗೇ ಮೈಗೆ ಹಾವು ಸುತ್ತಿಕೊಂಡ ಬೆತ್ತಲೆ ಹುಡುಗ! ಒಂದೊಂದು ಹೆಂಚೂ ಅಚ್ಚುಕಟ್ಟು, ದೃಶ್ಯ ಮಾತ್ರ ಶುದ್ಧ ಕಟ್ಟುಕಥೆ. ಪವಿತ್ರ ಅಕ್ಷರಗಳನ್ನು ಹೀಗೆ ಪರದೆಯಾಗಿ ಬಳಸಿಕೊಂಡದ್ದು ನನಗೆ ಇಂದಿಗೂ ಸಹಿಸಲಾಗದು.

ಎಲ್ಲೋರದ ಪ್ರಶ್ನೆ ಬೇರೆ. ಡೇನಿಯಲ್ 1803ರಲ್ಲಿ ಪ್ರಕಟಿಸಿದ 24 ಚಿತ್ರಗಳಿಗೆ ಆಧಾರ 1795ರಲ್ಲಿ ತೀರಿಕೊಂಡ ಸ್ಕಾಟ್ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್‌ ಅವರ ರೇಖಾಚಿತ್ರಗಳು. ಡೇನಿಯಲ್ ಆ ಹೆಸರನ್ನು ಮುಚ್ಚಿಡಲಿಲ್ಲ. ಆದರೆ 1790ರ ದಶಕದಲ್ಲೇ ಪುಣೆಯ ಗಂಗಾರಾಮ ತಾಂಬಟ ಎಂಬ ಕಲಾವಿದರೂ ಪೇಶ್ವೆ ದರ್ಬಾರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ (ರೆಸಿಡೆಂಟ್) ಚಾರ್ಲ್ಸ್ ಮ್ಯಾಲೆಟ್‌ಗಾಗಿ ಅದೇ ಗುಹೆಗಳನ್ನು ಚಿತ್ರಿಸಿದ್ದರು. ಅವರನ್ನು ಬಲ್ಲವರೆಷ್ಟು ಮಂದಿ? ರಾಷ್ಟ್ರಕೂಟರ ಕೈಲಾಸ ದೇಗುಲವನ್ನು ಕೊಂಡಾಡುವ ನಾವಾದರೂ ಅವರನ್ನು ನೆನೆಯಬೇಡವೇ? ಅವರ ಚಿತ್ರಗಳು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಸಾಧ್ಯವಾದರೆ ಒಂದರ ಪ್ರತಿ ತರಿಸಿ, ಡೇನಿಯಲ್ ಪಕ್ಕದಲ್ಲೇ ಹಾಕಿ.