ಎಳ್ಳು ಬೆಲ್ಲದ ಗಡಿಬಿಡಿಯಲ್ಲಿ ಮರೆತ ದಿನ

ಮಂಡ್ಯದ ನಿವೃತ್ತ ಹವಾಲ್ದಾರರೊಬ್ಬರ ಪತ್ರ: "ಹದಿನೇಳು ವರ್ಷ ಸೇನೆಯಲ್ಲಿದ್ದೆ. ಹೊರದೇಶಗಳಲ್ಲಿ ಮಾಜಿ ಸೈನಿಕರಿಗೆ ಅಂತಲೇ ಒಂದು ದಿನ ಇದೆಯಂತೆ. ನಮ್ಮಲ್ಲಿ ಯಾಕಿಲ್ಲ?"

ಇದೆ ಸರ್. ಜನವರಿ 14. ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನ ಅದು. ಆದರೆ ಆ ಹೊತ್ತಿಗೆ ನಮ್ಮ ಕಡೆ ಸಂಕ್ರಾಂತಿ ಗಡಿಬಿಡಿ. ಕೊಬ್ಬರಿ ಹೆಚ್ಚಬೇಕು, ಎತ್ತುಗಳ ಮೈ ತೊಳೆಯಬೇಕು, ಕಿಚ್ಚು ಹಾಯಿಸಬೇಕು. ಯಾರಿಗೆ ನೆನಪಾಗಬೇಕು ಹೇಳಿ!

ಅಮೆರಿಕದವರು ಲೆಕ್ಕ ಬೇರೆ ಬೇರೆ ಇಟ್ಟಿದ್ದಾರೆ. ಮೇ ಕೊನೆಯ ಸೋಮವಾರ ಮಡಿದವರಿಗೆ, ನವೆಂಬರ್ 11 ಸೇವೆ ಮಾಡಿದ ಎಲ್ಲರಿಗೆ. ಬ್ರಿಟನ್ನಿನಲ್ಲಿ ಅದೇ ನವೆಂಬರ್ 11ಕ್ಕೆ, ಬೆಳಿಗ್ಗೆ 11 ಗಂಟೆಗೆ, ಎರಡು ನಿಮಿಷ ಮೌನ. 1919ರಲ್ಲಿ ಶುರುವಾದದ್ದು. ಎದೆ ಮೇಲೆ ಕಾಗದದ ಕೆಂಪು ಹೂ. ನಮ್ಮ ಪಾಯಸದ ಗಸಗಸೆಯ ಜಾತಿಯದೇ! ಆ ಹೂವಿನ ದುಡ್ಡು ಮಾಜಿ ಸೈನಿಕರ ನೆರವಿಗೆ ಹೋಗುತ್ತದೆ. ನಮ್ಮ ಡಿಸೆಂಬರ್ 7ರ ಧ್ವಜ ದಿನವೂ ಅಂಥದ್ದೇ, 1949ರಿಂದ ಇದೆ. ಸ್ಕೂಲಿನಲ್ಲಿ ಕಾಸು ಕೊಟ್ಟು ತಂದ ಆ ಪುಟ್ಟ ಬಾವುಟ ನನ್ನ ಅಂಗಿ ಜೇಬಲ್ಲೇ ಉಳಿದು, ಒಗೆಯುವ ಕಲ್ಲಿನ ಮೇಲೆ ಮುದ್ದೆಯಾಗುತ್ತಿತ್ತು.

ನನಗೆ ಜಾಸ್ತಿ ಹಿಡಿಸಿದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಏಪ್ರಿಲ್ 25. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಅವರ ಸೈನಿಕರು ಟರ್ಕಿಯ ಗಲಿಪೊಲಿಯ ದಡಕ್ಕೆ ಇಳಿದ ದಿನ. ಎಂಟು ತಿಂಗಳು ಹೆಣಗಿ, ಕೊನೆಗೆ ಸೋತು ವಾಪಸ್ ಬಂದರು. ಆದರೂ ಜನ ಬೆಳಕು ಹರಿಯುವ ಮುಂಚೆಯೇ ಚಳಿಯಲ್ಲಿ ಬಂದು ನಿಲ್ಲುತ್ತಾರೆ. ಮೊಮ್ಮಕ್ಕಳು ಅಜ್ಜನ ಪದಕ ಹಾಕಿಕೊಂಡು ಬರುತ್ತಾರೆ. ಪದಕ ಎಡಗಡೆ ಇದ್ದರೆ ಸ್ವಂತದ್ದು, ಬಲಗಡೆ ಇದ್ದರೆ ಮನೆಯ ಹಿರಿಯರದ್ದು. ನೋಡಿದ ಕೂಡಲೇ ಗೊತ್ತಾಗುತ್ತದೆ.

ಇದೆಲ್ಲ ನಮಗೆ ಹೊಸದೇನಲ್ಲ, ಅಲ್ವಾ? ನಿಮ್ಮ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರನ್ನೇ ನೋಡಿ. ಕ್ರಿ.ಶ. 950ರ ಸುಮಾರು, ಕಾಳಿ ಅನ್ನೋ ನಾಯಿ ಕಾಡುಹಂದಿ ಜೊತೆ ಕಾದಾಡಿ ಸತ್ತಿತು. ಅದರ ಒಡೆಯ ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿ, ಜಮೀನು ಬಿಟ್ಟ. ಸುಮ್ನೆ ಬಿಡಲಿಲ್ಲ. ಆ ಜಮೀನು ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಗಲುತ್ತದೆ ಅಂತ ಶಾಸನದಲ್ಲೇ ಕೆತ್ತಿಸಿದ. ಊಟಕ್ಕೆ ಮುಂಚೆ ನೆನೆಯಬೇಕು, ಅದೂ ಒಂದು ನಾಯಿಯನ್ನು! ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ.

ನನ್ನ ತಪ್ಪೂ ಹೇಳಿಬಿಡುತ್ತೇನೆ. ಮೈಸೂರಿನ ನಮ್ಮ ಬೀದಿಯಲ್ಲೊಬ್ಬರು ಮಾಜಿ ಸೈನಿಕರಿದ್ದಾರೆ. ಈಗ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಲ್ಲುತ್ತಾರೆ. ದಿನಾ ನಮಸ್ಕಾರ ಅಂತೀನಿ. ಯಾವ ರೆಜಿಮೆಂಟಿನಲ್ಲಿದ್ದಿರಿ, ಎಲ್ಲೆಲ್ಲಿ ಇದ್ದಿರಿ ಅಂತ ಒಂದು ದಿನವೂ ಕೇಳಿಲ್ಲ. ಈ ಸಂಕ್ರಾಂತಿಗೆ ಎಳ್ಳು ಬೆಲ್ಲದ ಮೊದಲ ತಟ್ಟೆ ಅವರ ಮನೆಗೆ.

ಅಂದ ಹಾಗೆ, ಪತ್ರದಲ್ಲಿ ನೀವೂ ಬರೆದಿಲ್ಲ. ನಿಮ್ಮದು ಯಾವ ರೆಜಿಮೆಂಟ್ ಸರ್?

– ಸಂಪಾದಕ